ಫೋಟೊ ಕಾಕಾ ಬರೆದ ಸೀರೆ

ಔಷಧದ ನೀರಿನಲ್ಲಿ ಫೋಟೊ ತೊಳೆದು ತೊಳೆದು ಅವರ ಹತ್ತೂ ಉಗುರುಗಳು ಚಹಾದ ಬಣ್ಣಕ್ಕೆ ತಿರುಗಿದ್ದವು. ಎಷ್ಟು ಸಾಬೂನು ಹಚ್ಚಿದರೂ ಆ ವಾಸನೆ ಹೋಗದೆಂದು ಜೋಳದ ರೊಟ್ಟಿಯನ್ನೂ ಚಮಚದಿಂದ ಒತ್ತಿ ಮುರಿದು ಉಣ್ಣುತ್ತಿದ್ದರು. ನಾನು ಆಗಷ್ಟೇ ಶಾಲೆಯ ನೌಕರಿಗೆ ಸೇರಿ, ಶಹಾಪುರದಲ್ಲಿ ಅವರ ಸ್ಟುಡಿಯೋದ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಊರವರಂತೆ ನನಗೂ ಅವರು ಫೋಟೊ ಕಾಕಾ.

ಕಾಲುವೆಗೆ ನೀರು ಬಿಟ್ಟ ಮೇಲೆ ನಮ್ಮ ಸೀಮೆಗೆ ಭತ್ತ ಬಂತು, ಹೆಣಗಳೂ ಬಂದವು. ಕಾಲುವೆಯ ಗೇಟಿನಲ್ಲಿ ಹೆಣ ಸಿಕ್ಕಾಗಲೆಲ್ಲ ಪೊಲೀಸರು ಫೋಟೊ ತೆಗೆಯಲು ಕಾಕಾನನ್ನೇ ಕರೆಯುತ್ತಿದ್ದರು.

ಒಮ್ಮೆ ಒಬ್ಬ ಯುವತಿಯ ಹೆಣ ಬಂತು. ಮುಖ ಗುರುತು ಹಿಡಿಯುವಂತಿರಲಿಲ್ಲ. ಕಪ್ಪು ಬಿಳುಪು ಫೋಟೊ ಠಾಣೆಯ ಗೋಡೆಯ ಮೇಲೆ ತಿಂಗಳುಗಟ್ಟಲೆ ಇತ್ತು. ಕೇಳಿಕೊಂಡು ಯಾರೂ ಬರಲಿಲ್ಲ. ಹೆಣವನ್ನು ಊರ ಹೊರಗೆ ಹೂಳಿದ್ದರು. ಆ ಫೋಟೊದ ಇನ್ನೊಂದು ಪ್ರತಿಯನ್ನು ಎದುರಿಗಿಟ್ಟುಕೊಂಡು ಕಾಕಾ ಪ್ಲೈವುಡ್ ಹಲಗೆಯೊಂದಕ್ಕೆ ಬಣ್ಣ ಹಚ್ಚತೊಡಗಿದರು. ಬಣ್ಣಗಳು ಮಾತ್ರ ಅವರು ದಂಡೆಯ ಮೇಲೆ ಕಣ್ಣಾರೆ ಕಂಡವು. ಮುಗಿದಾಗ ಅದರಲ್ಲಿ ಹೆಣ್ಣಿರಲಿಲ್ಲ, ನೀರಿರಲಿಲ್ಲ. ಹಲಗೆಯ ತುಂಬ ಸುಕ್ಕುಗಟ್ಟಿದ ಹಸಿರು, ಅಂಚಿಗೊಂದು ಹಳದಿ ಗೆರೆ, ಕೆಳಗೆ ಓರೆಯಾಗಿ ಕೂತ ಕೆಂಪು ಚೌಕ.

“ಇದರಾಗ ಏನೂ ಕಾಣವಲ್ದಲ್ರಿ ಕಾಕಾ,” ಎಂದೆ.

“ಮುಖ ಯಾರೂ ನೋಡಬಾರ್ದು ಟೀಚರ. ಆದ್ರ ಅಕಿ ಇದ್ಲು ಅನ್ನೋದಾದ್ರೂ ಇರ್ಲಿ.”

ಅದನ್ನು ಸ್ಟುಡಿಯೋದ ಗೋಡೆಗೇ ತೂಗುಹಾಕಿದರು. ಮದುವೆ ಫೋಟೊ ತೆಗೆಸುವವರ ಕಣ್ಣೆದುರು ಹೆಣದ ಚಿತ್ರವೇಕೆ, ತೆಗೆದುಬಿಡಿ ಎಂದು ನಾನು ಎಷ್ಟೋ ಸಲ ಜಗಳವಾಡಿದೆ. ಕಾಕಾ ಕೇಳಲಿಲ್ಲ.

ಎರಡು ವರ್ಷದ ಮೇಲೆ, ಭತ್ತ ನಾಟಿಗೆಂದು ಬಳಿಚಕ್ರದಿಂದ ಬಂದಿದ್ದ ಒಬ್ಬ ಹೆಂಗಸು ರೇಷನ್ ಕಾರ್ಡಿಗೆ ಫೋಟೊ ತೆಗೆಸಲು ಬಂದಳು. ನಾನೂ ಅಲ್ಲೇ ಇದ್ದೆ. “ಈ ಕಡಿ ನೋಡಬೇ ಯವ್ವ,” ಎಂದು ಕಾಕಾ ಎರಡು ಸಲ ಹೇಳಿದರೂ ಅವಳು ಗೋಡೆಯನ್ನೇ ನೋಡುತ್ತಿದ್ದಳು. ಎದ್ದು ಹೋಗಿ ಕೆಂಪು ಚೌಕದ ಮೇಲೆ ಅಂಗೈ ಇಟ್ಟಳು.

“ಈ ತ್ಯಾಪಿ ನಾ ಹಚ್ಚಿದ್ದು. ನನ್ನ ಕುಬಸದ ಅರಿವಿ. ಸೊಟ್ಟ ಕುಂತದ ಅಂತ ನನ್ನ ಮಗಳು ನಕ್ಕಿದ್ಲು. ಅಕಿ ಸೀರಿ ನಿಮಗ ಹ್ಯಾಂಗ ಗೊತ್ತಾತ್ರಿ?”

ಮಗಳು ದುಡಿಯಲು ಪುಣೆಗೆ ಹೋಗಿದ್ದಾಳೆಂದು ಅವಳ ಗಂಡನ ಮನೆಯವರು ಹೇಳಿದ್ದರಂತೆ. ತಾಯಿ ಅಷ್ಟು ದಿನ ಅದನ್ನೇ ನಂಬಿದ್ದಳು. ಕಾಕಾ ಅವಳೆದುರು ನೆಲದ ಮೇಲೆ ಕೂತು ಕಂಡದ್ದನ್ನೆಲ್ಲ ಹೇಳಿದರು. ಅವಳು ಫೋಟೊ ಕೇಳಿದಾಗ ಮಾತ್ರ ಕೈಮುಗಿದರು. “ಬ್ಯಾಡವ್ವ. ನಿನ್ನ ಕಣ್ಣಾಗಿನ ಮುಖನ ಇರ್ಲಿ.”

ಅಂಗಡಿ ಮುಚ್ಚಿ, ಮಗಳನ್ನು ಹೂಳಿದ ಜಾಗಕ್ಕೆ ತಾಯಿಯನ್ನು ಕರೆದೊಯ್ದರು. ಅಲ್ಲಿ ಗುರುತಿನ ಕಲ್ಲೂ ಇರಲಿಲ್ಲ, ಜಾಲಿ ಬೆಳೆದಿತ್ತು. ಅವಳು ಅಳಲಿಲ್ಲ. ಮುಳ್ಳು ಸರಿಸಿ, ಮಗುವಿನ ಬೆನ್ನು ಸವರುವಂತೆ ಮಣ್ಣು ಸವರುತ್ತ ಕೂತಳು.

ಮುಂದೆ ಗಂಡನ ಮನೆಯವರ ಮೇಲೆ ಕೇಸಾಯಿತು. ಕಾಕಾ ಹಲಗೆಯನ್ನು ಹೊತ್ತು ಬಸ್ಸಿನಲ್ಲಿ ಕೋರ್ಟಿಗೆ ನಾಲ್ಕಾರು ಸಲ ಓಡಾಡಿದರು. “ಇದರಾಗ ಹುಡುಗಿ ಎಲ್ಲಿ ಅದಾಳ, ತೋರಸ್ರಿ,” ಎಂದು ಎದುರಿನ ವಕೀಲ ಕೇಳಿದಾಗ ಅಲ್ಲಿದ್ದವರು ನಕ್ಕರಂತೆ. ಸಾಕ್ಷಿ ಸಾಲದೆ ಕೇಸು ಬಿದ್ದುಹೋಯಿತು. ಕಾಕಾ ಹಲಗೆಯನ್ನು ಆ ತಾಯಿಗೆ ಕೊಟ್ಟು ಬಂದರು. ಮತ್ತೆ ಕುಂಚ ಹಿಡಿಯಲಿಲ್ಲ.

ಮರುವರ್ಷ ಎದೆನೋವು ಬಂದು ಅವರು ತೀರಿಕೊಂಡರು. ನಾನು ಬಳಿಚಕ್ರಕ್ಕೆ ಸುದ್ದಿ ಕಳಿಸಿದೆ. ಆ ತಾಯಿ ಮಣ್ಣು ಮಾಡುವ ಹೊತ್ತಿಗೆ ಬಂದು, ಮನೆಯ ಹೆಣ್ಣುಮಕ್ಕಳ ನಡುವೆ ಕೂತಳು. ಯಾರೋ, “ನಿಮಗ ಏನಾಗಬೇಕವ್ವ ಇವರು?” ಎಂದರು.

“ಅಣ್ಣ ಆಗಬೇಕ್ರಿ,” ಎಂದಳು. “ನನ್ನ ಮಗಳು ಎಲ್ಲಿ ಅದಾಳಂತ ಇವನೊಬ್ಬನ ಹೇಳಿದಾಂವ.”

ಆ ಚಿತ್ರವನ್ನು ಗೋಡೆಯಿಂದ ಇಳಿಸಿರೆಂದು ಹಟ ಹಿಡಿದಿದ್ದ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.