ನಾನು ಕೇಳಿದೆ, ಆಕೆ ಹೇಳಿದಳು

ಸಂದರ್ಶನಕ್ಕೆ ಕೂತಾಗ ನನ್ನದೊಂದು ಕಳ್ಳ ಪ್ರಶ್ನೆ ಇರುತ್ತಿತ್ತು. ಅದರ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಮೈಸೂರಿನ ನಮ್ಮ ಆಫೀಸಿನ ಕೆಲಸ ಇಷ್ಟು: ಕೋರ್ಟು ಹತ್ತಿದವರ ಈಮೇಲು, ವಾಟ್ಸಾಪ್ ಮಾತುಕತೆ, ಕಂಪ್ಯೂಟರಿನಲ್ಲಿರುವ ಕಡತ ಎಲ್ಲವನ್ನೂ ಒಟ್ಟುಮಾಡಿ, ಓದಿ, ಕೇಸಿಗೆ ಬೇಕಾದದ್ದನ್ನು ಹೆಕ್ಕಿ ವಕೀಲರಿಗೆ ಕೊಡುವುದು. ಹೆಕ್ಕುವ ತಜ್ಞರ ಕಣ್ಣಿಗೆ ಕಂಡವರ ಮನೆಯ ಗುಟ್ಟೆಲ್ಲ ಬೀಳುತ್ತದೆ. ಹಾಗಾಗಿ ಕೆಲಸ ಬಂದರೆ ಸಾಲದು, ಬಾಯಿ ಬಿಗಿಯಿರಬೇಕು. ಅದನ್ನು ನೋಡಲು ನಾನು ಸಂದರ್ಶನ ಮುಗಿಯಿತೆಂಬಂತೆ ಪೆನ್ನು ಕೆಳಗಿಟ್ಟು, ಕಾಫಿ ತರಿಸಿ, ಮನೆಮಾತಿನ ದನಿಯಲ್ಲಿ ಕೇಳುತ್ತಿದ್ದೆ: ಇಷ್ಟು ವರ್ಷ ಕಂಡವರ ಕಾಗದಪತ್ರ ಓದಿದ್ದೀರಲ್ಲ, ಮರೆಯಲು ಆಗದಂಥದ್ದು ಏನಾದರೂ ಇದೆಯಾ? ಹೇಳತೊಡಗಿದವರ ಹೆಸರಿಗೆ ಅಡ್ಡಗೀಟು.

ಆ ಶನಿವಾರ ಬಂದವರಲ್ಲಿ ಕೆಸರೆಯ ಒಬ್ಬ ಹೆಣ್ಣುಮಗಳಿದ್ದಳು. ಮೂವತ್ತರ ಆಸುಪಾಸು. ತವರು ಹಳ್ಳಿಯ ಕಡೆ ಬೇಸಾಯದ ಮನೆ. ಇದೇ ಕೆಲಸ ಮಾಡಿಕೊಂಡಿದ್ದ ಹಿಂದಿನ ಕಂಪನಿ ಮುಚ್ಚಿ ಎಂಟು ತಿಂಗಳಾಗಿತ್ತು. ಇದೂ ಆಗದಿದ್ದರೆ ಓಡಾಡಿದ್ದು ಸಾಕು, ಮನೆಯಲ್ಲೇ ಇರು ಎಂದು ಗಂಡನ ಮನೆಯವರು ಹೇಳಿಬಿಟ್ಟಿದ್ದರಂತೆ. ಪರೀಕ್ಷೆಗೆಂದು ಕೊಟ್ಟ ಈಮೇಲುಗಳಲ್ಲಿ ಒಂದರ ತಾರೀಖನ್ನು ಆಮೇಲೆ ತಿದ್ದಲಾಗಿತ್ತು. ಉಳಿದವರು ಯಾರೂ ಗಮನಿಸಿರಲಿಲ್ಲ, ಆಕೆ ಹತ್ತೇ ನಿಮಿಷದಲ್ಲಿ ಹಿಡಿದಳು. ಇವಳೇ ಸರಿ ಅಂದುಕೊಂಡೆ.

ಆದರೂ ಕೇಳಿದೆ. ಚಾಳಿ ಬಿಡಬೇಕಲ್ಲ! ಆಕೆ ನಕ್ಕು ಕಾಫಿ ಲೋಟ ಕೈಗೆತ್ತಿಕೊಂಡಳು. ಅಲ್ಲಿಗೇ ಬಿಡಬಹುದಿತ್ತು. ಬಿಡದೆ, ಹೇಳಮ್ಮ ಪರವಾಗಿಲ್ಲ ಎಂದು ಇನ್ನೊಂದು ಸಲ ಕೆದಕಿದೆ. ವಯಸ್ಸಿನಲ್ಲಿ ಹಿರಿಯಳೊಬ್ಬಳು ಎದುರಿಗೆ ಕೂತು ಅಕ್ಕರೆಯಿಂದ ಕೇಳಿದರೆ ನಮ್ಮ ಕಡೆಯವರು ಎಷ್ಟು ಹೊತ್ತು ತಡೆದಾರು? ಹೇಳಿದಳು. ಒಬ್ಬ ತಾಯಿ ಮಗನಿಗೆಂದು ಬರೆದು, ಕಳಿಸದೆ ಉಳಿಸಿಕೊಂಡಿದ್ದ ಮಾತುಗಳು. ಅದಕ್ಕಿಂತ ಹೆಚ್ಚು ಇಲ್ಲಿ ಬರೆಯಲಾರೆ. ಆಕೆ ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಕೊನೆಗೆ ಇಬ್ಬರ ಕಣ್ಣೂ ಒದ್ದೆಯಾಗಿದ್ದವು. ಆಕೆ ಹೊರಗೆ ಹೋದ ಮೇಲೆ ಕಣ್ಣೊರೆಸಿಕೊಂಡು ಅಡ್ಡಗೀಟು ಎಳೆದೆ. ಅದೇ ಪ್ರಶ್ನೆಗೆ, ಅದನ್ನೆಲ್ಲ ಹೇಳುವ ಹಾಗಿಲ್ಲ ಮೇಡಂ ಎಂದಿದ್ದ ಹುಡುಗನಿಗೆ ಅವತ್ತೇ ನೇಮಕದ ಪತ್ರ ಹೋಯಿತು.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಚಾಮರಾಜಪುರಂನ ಅಕ್ಕನ ಮನೆಗೆ ಊಟಕ್ಕೆ ಹೋದೆ. ಸಂದರ್ಶನ ಹೇಗಾಯಿತೆಂದು ಅಕ್ಕ ಕೇಳಿದ್ದೇ ತಡ, ಆ ತಾಯಿಯ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಬಡಿಸುತ್ತಿದ್ದ ಸೊಸೆ ಸೌಟು ಹಿಡಿದು ಹಾಗೇ ನಿಂತಳು. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದದ್ದು, ಥೂ, ನನಗೆ ಹಿತವಾಗಿತ್ತು.

"ಯಾವ ಕಡೆಯವ್ರಂತೆ ಕಣೇ ಅವ್ರು?" ಎಂದು ಅಕ್ಕ ಕೇಳಿದಳು.

ದಟ್ಟಗಳ್ಳಿ ಕಡೆಯವರಿರಬೇಕು ಎಂದು ನನ್ನ ಊಹೆಯನ್ನೂ ಸೇರಿಸಿದೆ. ಸೇರಿಸಿದ ಮೇಲೆ ನನಗೆ ಹೊಳೆಯಿತು, ನಾನು ಮಾಡಿದ್ದೇನೆಂದು. ಅನ್ನ ಅರ್ಧಕ್ಕೇ ಬಿಟ್ಟೆ. ಎದ್ದು ಕೈತೊಳೆದೆ.

ಕೆಲಸ ಸಿಗದವರಿಗೆ ನಾವು ಈಮೇಲು ಕಳಿಸಿ ಸುಮ್ಮನಾಗುತ್ತೇವೆ. ಸೋಮವಾರ ಹಾಗೆ ಮಾಡಲು ಮನಸ್ಸಾಗದೆ ನಾನೇ ಫೋನು ಮಾಡಿದೆ. ಆಗಲಿಲ್ಲ ಎಂದೆ. ಯಾಕೆಂದು ಆಕೆ ಕೇಳಿದಳು. ಕಾಫಿ ಕುಡಿಯುವಾಗ ಕೇಳಿದ ಪ್ರಶ್ನೆಗೆ ಉತ್ತರ ಕೊಡಬಾರದಿತ್ತು ಎಂದೆ. ಹೇಳುವಾಗ ನನ್ನ ದನಿ ನನಗೇ ಅಸಹ್ಯವಾಯಿತು.

"ನಂದೇ ತಪ್ಪು ಮೇಡಂ. ಕೆಲ್ಸ ಹೋದ್ರೆ ಹೋಗ್ಲಿ ಬುಡಿ," ಎಂದಳು. "ಆ ತಾಯಿ ಮಾತು ನಿಮ್ಮತ್ರಾನೇ ಉಳೀತು ತಾನೆ? ಎರಡು ದಿನದಿಂದ ನಂಗೆ ಅದೇ ಯೋಚ್ನೆ."

"ಉಳೀತು ಕಣಮ್ಮ," ಎಂದೆ.

ಆಕೆ ಥ್ಯಾಂಕ್ಸ್ ಹೇಳಿ ಫೋನಿಟ್ಟಳು.