ಹಂಡೆ ಬಿದ್ದ ಜಾಗ

ನಮ್ಮ ನಡುಮನೆಯ ಕೆಂಪು ನೆಲದಲ್ಲಿ ಅಂಗೈಯಗಲದ ಒಂದು ಗುಳಿ ಇದೆ. ನಾನು ಆಣೆಯಿಟ್ಟು ಹೇಳಬಲ್ಲದ್ದು ಅದೊಂದನ್ನೇ. ಉಳಿದದ್ದನ್ನು ಈವರೆಗೆ ಮೂರು ಥರ ಹೇಳಿದ್ದೇನೆ. ಮೂರು ಸಲವೂ ನಂಬಿಕೊಂಡೇ ಹೇಳಿದ್ದೇನೆ ಎನ್ನುವುದು ನನ್ನನ್ನು ಹೆದರಿಸುತ್ತದೆ.

ನಮ್ಮೂರು ನಂಜನಗೂಡಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಊರಾಚೆ ಕಲ್ಲಿನ ಕ್ವಾರಿ. ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ಅಲ್ಲಿ ಬಂಡೆ ಸಿಡಿಸುತ್ತಾರೆ. ಮೊದಲು ಸೈರನ್ನು, ಆಮೇಲೆ ಒಂದೇ ಒಂದು ಏಟು, ಅದರ ಹಿಂದೆಯೇ ನಮ್ಮ ನಡುಮನೆಯ ಸಜ್ಜಾದ ಮೇಲಿನ ಪಾತ್ರೆಗಳ ಕಿಣಿಕಿಣಿ. ಆ ಸದ್ದು ನಮ್ಮ ಗಡಿಯಾರ. ಅದು ಕೇಳಿದೊಡನೆ ಅವ್ವ ಮಂಚದಿಂದಲೇ ನನ್ನ ಹೆಂಡತಿಯನ್ನು ಕೂಗುತ್ತಾಳೆ: "ಎಸರಿಡವ್ವ." ಮುದ್ದೆಗೆ ನೀರು ಒಲೆ ಏರುತ್ತದೆ. ಬೇರೆ ಊರಿನ ಜನ ಮನೆ ಅದುರಿದರೆ ಹೊರಗೆ ಓಡಬಹುದು. ನಮ್ಮೂರಿನವರು ಅಡುಗೆಮನೆಗೆ ಹೋಗುತ್ತಾರೆ.

ಸಜ್ಜಾ ಎಂದರೆ ಆಳೆತ್ತರಕ್ಕಿಂತ ಮೇಲೆ, ಗೋಡೆಯುದ್ದಕ್ಕೂ ಹಾಕಿದ ಕಲ್ಲುಚಪ್ಪಡಿ. ಅದರ ಮೇಲೆ ಮನೆಗೆ ಬಂದ ಹೆಂಗಸರೆಲ್ಲ ತವರಿನಿಂದ ತಂದ ಪಾತ್ರೆಗಳು: ಕೊಪ್ಪರಿಗೆ, ಕೊಳಗ, ಬಿಂದಿಗೆ, ಚೊಂಬು, ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಸಾಲು. ಸಾಲಿನ ಮೊದಲಿಗೆ ಅವ್ವ ಹೆಮ್ಮರಗಾಲದಿಂದ ತಂದ ತಾಮ್ರದ ಹಂಡೆ. ಅದರ ನೇರ ಕೆಳಗೆ, ಗೋಡೆಗೆ ಅಂಟಿಸಿ, ಅವ್ವನ ಮಂಚ. ಅವ್ವನಿಗೆ ಮಂಡಿನೋವು. ದಿನದ ಹೆಚ್ಚು ಹೊತ್ತು ಅವಳು ಮಲಗಿರುವುದು ಅಲ್ಲೇ.

ಇದನ್ನು ವರ್ಷಗಳಿಂದ ನೋಡುತ್ತಿದ್ದೆವು. ನೋಡಿದವಳು ಅಕ್ಕ.

ಅಕ್ಕ ಟಿ. ನರಸೀಪುರದ ಹತ್ತಿರದ ಹಳ್ಳಿಯೊಂದರಲ್ಲಿ ಅಂಗನವಾಡಿ ಟೀಚರ್. ಭೂಕಂಪ, ಬೆಂಕಿ, ಪ್ರವಾಹ ಬಂದರೆ ಮಕ್ಕಳನ್ನು ಹೇಗೆ ಕಾಪಾಡಬೇಕು ಎಂದು ಅವರಿಗೆಲ್ಲ ಒಂದು ದಿನದ ತರಬೇತಿ ಕೊಟ್ಟಿದ್ದರಂತೆ. ಅದು ಮುಗಿದ ವಾರ ಅವಳು ನಮ್ಮ ಮನೆಗೆ ಬಂದಳು. ಕೊರಳಲ್ಲಿ ತಾಳಿಯ ಜೊತೆ ಒಂದು ಪ್ಲಾಸ್ಟಿಕ್ ಪೀಪಿ. ಚೀಲ ಕೆಳಗಿಡುವಷ್ಟರಲ್ಲಿ ಕ್ವಾರಿ ಸಿಡಿಯಿತು, ಪಾತ್ರೆಗಳು ಸದ್ದು ಮಾಡಿದವು. ಅದುವರೆಗೆ ನೂರಾರು ಸಲ ಕೇಳಿದ್ದ ಸದ್ದಿಗೆ ಅವಳು ಅವತ್ತು ಮೊದಲ ಬಾರಿಗೆ ತಲೆಯೆತ್ತಿದಳು.

"ಅವ್ವಾ, ಏಳು ಅಲ್ಲಿಂದ."

"ಯಾಕವ್ವ? ಅನ್ನೆರಡೂವರೆ ಆಯ್ತು, ಅಷ್ಟೆಯ."

"ಅನ್ನೆರಡೂವರೆ ಅಲ್ಲ, ಆ ಅಂಡೆ ನಿನ್ ಎದೆ ಮ್ಯಾಲೆ ಬೀಳುತ್ತೆ ಒಂದಿನ."

"ನಿಮ್ಮಪ್ಪ ಸತ್ತೋದ, ನಿಮ್ಮಜ್ಜಿ ಸತ್ತೋದ್ಲು, ಅಂಡೆ ಬೀಳ್ನಿಲ್ಲ. ಈಗ್ಯಾಕೆ ಬಿದ್ದದು?"

"ಭೂಮಿ ನಡುಗುದ್ರೆ ಬಿದ್ದದು."

"ನಮ್ದು ಕಲ್ಲುಭೂಮಿ ಕಣ್ ಕೂಸೇ. ನಡುಗಾದೆಲ್ಲ ಆ ಇಮಾಲಯದ ಕಡೆ."

"ಕಮ್ಮಿ ಅಂದ್ರೆ ಇಲ್ಲ ಅಂತಲ್ಲ ಕಣವ್ವ. ಟ್ರೈನಿಂಗ್ ಮೇಡಂ ಅದನ್ನೇ ನಾಲ್ಕ್ ಸಲ ಹೇಳವ್ರೆ."

ಆ ಎರಡು ದಿನ ಅಕ್ಕ ಮನೆಯನ್ನು ತಲೆಕೆಳಗು ಮಾಡಿದಳು. ತಲೆಕೆಳಗು ಅಲ್ಲ, ನಿಜವಾಗಿ ಮೇಲಿದ್ದದ್ದನ್ನು ಕೆಳಗೆ ಮಾಡಿದಳು. ಪಾತ್ರೆಗಳನ್ನೆಲ್ಲ ಇಳಿಸಿ ಉಗ್ರಾಣದ ನೆಲದ ಮೇಲೆ ಜೋಡಿಸಿದೆವು. ಬೀರುವಿಗೆ ಕಬ್ಬಿಣದ ಪಟ್ಟಿ ಹೊಡೆಸಿ ಗೋಡೆಗೆ ಬಿಗಿಸಿದೆವು. ಸಿಲಿಂಡರಿಗೆ ಸರಪಳಿ ಹಾಕಿದೆವು. ರೆಗ್ಯುಲೇಟರ್ ಆರಿಸುವುದು, ಕರೆಂಟಿನ ಮೇನ್ ಸ್ವಿಚ್ ಇಳಿಸುವುದು ಎಲ್ಲರಿಗೂ ಬರಬೇಕು ಎಂದಳು. ನನಗೆ ಮೇನ್ ಸ್ವಿಚ್ ಎಲ್ಲಿದೆ ಎಂದೇ ಗೊತ್ತಿರಲಿಲ್ಲ. ನನ್ನ ಹೆಂಡತಿ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದಳು. ಮಂಚದ ಕಾಲಿಗೆ ಒಂದು ಚೀಲ ಕಟ್ಟಿ ಅದರಲ್ಲಿ ಟಾರ್ಚು, ಅವ್ವನ ಮಾತ್ರೆ, ನೀರಿನ ಬಾಟಲಿ. ಗಾಜು ಒಡೆದರೆ ಕಾಲು ಕೊಯ್ಯುತ್ತದೆಂದು ಚಪ್ಪಲಿಯನ್ನು ಮಂಚದ ಪಕ್ಕಕ್ಕೇ ತಂದಿಟ್ಟಾಗ ಅವ್ವ ಬಾಯಿಬಾಯಿ ಬಡಿದುಕೊಂಡಳು. ದೇವರ ಮನೆ ಎದುರಿಗೇ ಚಪ್ಪಲಿ! ಕೊನೆಗೆ ಹೊಸ ಜೊತೆಯೊಂದನ್ನು ತರಿಸಿ, "ಇದು ಬೀದಿ ತುಳ್ದಿಲ್ಲ" ಎಂದು ಒಪ್ಪಿಸಿದ್ದಾಯಿತು.

ಮಂಚ ಹೊನ್ನೆ ಮರದ್ದು. ಅದನ್ನು ಸಜ್ಜಾದ ಕೆಳಗಿನಿಂದ ಎದುರು ಗೋಡೆಯತ್ತ ಸರಿಸಲು ಅಕ್ಕ ಬೀದಿಯಲ್ಲಿ ಹೋಗುತ್ತಿದ್ದ ನಾಲ್ವರನ್ನು ಪೀಪಿ ಊದಿ ಕರೆದಳು. ಅವರು ಬಂದು, ಎತ್ತಿ, ಇಟ್ಟು, ಮಜ್ಜಿಗೆ ಕುಡಿದು ಹೋದರು.

ಆಮೇಲೆ ಅಭ್ಯಾಸ. ಪೀಪಿ ಊದಿದರೆ ನಾನೂ ಹೆಂಡತಿಯೂ ಊಟದ ಟೇಬಲ್ಲಿನ ಕೆಳಗೆ ಮಂಡಿಯೂರಿ ಅದರ ಕಾಲು ಹಿಡಿದುಕೊಳ್ಳಬೇಕು. ಅದುರುವಾಗ ಓಡಬಾರದು, ನಿಂತ ಮೇಲೆ ಹೊರಗೆ ಬರಬೇಕು, ಬಂದವರು ಹೆಂಚಿನ ಸೂರಿನಿಂದಲೂ ಕರೆಂಟ್ ಕಂಬದಿಂದಲೂ ದೂರ, ಎದುರಿನ ಕಣದಲ್ಲಿ ನಿಲ್ಲಬೇಕು. ಅವ್ವ ಏಳುವಂತಿಲ್ಲ. ಮಂಚದ ಮೇಲೇ ಕವುಚಿಕೊಂಡು ದಿಂಬನ್ನು ತಲೆಯ ಮೇಲೆ ಹಿಡಿದುಕೊಳ್ಳಬೇಕು.

"ಇನ್ನೊಂದ್ಸಲ ಮಾಡವ್ವ. ದಿಂಬು ತಲೆಗೆ, ಒಟ್ಟೆಗಲ್ಲ."

"ಅಂಗನವಾಡಿ ಮಕ್ಕಳಂಗೆ ಆಡುಸ್ತೀಯಲ್ಲೇ ನನ್ನ! ಆಮ್ಯಾಲೆ ಉಪ್ಪಿಟ್ಟು ಕೊಟ್ಟೀಯಾ?"

"ಸರ್ಯಾಗಿ ಮಾಡುದ್ರೆ ಮೊಟ್ಟೆನೂ ಕೊಡ್ತೀನಿ."

"ಥೂ, ಲಿಂಗ ಕಟ್ಟಿರೋಳ ಬಾಯಿಗೆ ಮೊಟ್ಟೆಯಂತೆ," ಎಂದು ಅವ್ವ ದಿಂಬಿನ ಕೆಳಗಿನಿಂದಲೇ ನಕ್ಕಳು.

ಅಕ್ಕ ಊರಿಗೆ ಹೋದಳು. ಸಜ್ಜಾ ಬೋಳಾಗಿತ್ತು. ಪಾತ್ರೆಗಳಿದ್ದಲ್ಲಿ ಗೋಡೆಯ ಮೇಲೆ ದುಂಡಗಿನ ಬಿಳಿ ಗುರುತುಗಳು.

ಸ್ವಲ್ಪ ದಿನಕ್ಕೆ ಹೆಮ್ಮರಗಾಲದಿಂದ ಸೋದರಮಾವ ಬರುತ್ತೇನೆಂದು ಫೋನು ಮಾಡಿದ. ಅವತ್ತಿನಿಂದ ಅವ್ವ ಊಟ ಸರಿಯಾಗಿ ಮಾಡಲಿಲ್ಲ. ಅವಳ ತಮ್ಮ ಒಳಗೆ ಬಂದವನೇ ಮೊದಲು ನೋಡುವುದು ಸಜ್ಜಾ ಕಡೆಗೆ. ತವರಿನ ಹಂಡೆ ಅಲ್ಲಿಲ್ಲದಿದ್ದರೆ ಮಾರಿಕೊಂಡರು ಅಂದುಕೊಳ್ಳುತ್ತಾನೆ. ಕೇಳುವುದಿಲ್ಲ, ಅಂದುಕೊಂಡು ಸುಮ್ಮನೆ ಹೋಗುತ್ತಾನೆ. ಕೇಳಿದರೆ ಹೇಳಬಹುದು, ಕೇಳದವನಿಗೆ ಏನು ಹೇಳುವುದು?

ಮುಂದಿನದನ್ನು ನಾನು ಮೊದಲು ಅಕ್ಕನಿಗೆ ಫೋನಿನಲ್ಲಿ ಹೇಳಿದ್ದು ಹೀಗೆ: ಹಂಡೆ ಮತ್ತೆ ಮೇಲೆ ಹೇಗೆ ಹೋಯಿತೋ ಗೊತ್ತಿಲ್ಲ. ಆಮೇಲೆ ಗೆಳೆಯರಿಗೆ ಹೇಳಿದ್ದು: ಅವ್ವ ಹಟ ಹಿಡಿದು ಯಾರಿಂದಲೋ ಇಡಿಸಿದಳು. ಈಗ ಬರೆಯುತ್ತಿರುವುದು ಮೂರನೆಯದು. ಸ್ಟೂಲು ಹಾಕಿಕೊಂಡು ಹತ್ತಿ, ಹಂಡೆಯನ್ನು ಅದರ ಹಳೆಯ ಬಿಳಿ ಗುರುತಿಗೆ ಸರಿಯಾಗಿ ಇಟ್ಟವನು ನಾನು. ಅವ್ವ ಕೇಳಿದ್ದು ಒಂದೇ ಸಲ, ಅದೂ ಮೆಲ್ಲಗೆ. ಮಂಚವನ್ನೂ ಹಳೆಯ ಜಾಗಕ್ಕೆ ಎಳೆದುಬಿಡು ಎಂದಿದ್ದಳು. ಎಳೆಯಲು ನೋಡಿದೆ. ಅದು ಅಲುಗಲಿಲ್ಲ. ನಾಲ್ವರನ್ನು ಕರೆಯಲು ನನಗೆ ಸೋಮಾರಿತನ. ಮಾವ ಬಂದ, ಸಜ್ಜಾ ನೋಡಿದ, ಉಂಡು ಹೋದ. ಹಂಡೆಯನ್ನು ನಾಳೆ ಇಳಿಸೋಣ ಎಂದುಕೊಂಡೆ. ಎಷ್ಟು ನಾಳೆಗಳಾದವೋ ಲೆಕ್ಕವಿಡಲಿಲ್ಲ.

ಆಮೇಲೊಂದು ದಿನ, ಉಂಡು ಬಹಳ ಹೊತ್ತಾದ ಮೇಲೆ, ಮನೆ ಅದುರಿತು. ಅವತ್ತಿನ ಕ್ವಾರಿಯ ಏಟು ಆಗಲೇ ಆಗಿಹೋಗಿತ್ತು. ಸೈರನ್ನೂ ಇರಲಿಲ್ಲ. ಕ್ವಾರಿಯದು ಒಂದು ಗುದ್ದು, ಮುಗಿಯಿತು. ಇದು ನಿಲ್ಲಲಿಲ್ಲ. ಗೋಡೆಗೆ ಎಮ್ಮೆ ಮೈ ಉಜ್ಜುತ್ತಿರುವ ಹಾಗೆ ಉಜ್ಜಿತು. ಅವ್ವ ಮಲಗಿದ್ದವಳು, "ಇದೇನ್ ಎರಡನೇ ಸಲ ಒಡೀತಾವ್ರೆ ಬೇವರ್ಸಿಗಳು!" ಎಂದು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಜಗುಲಿಯಲ್ಲಿದ್ದ ನಾನು ಅವ್ವನಿಗಾಗಿ ಒಳಗೆ ಓಡಿದೆ.

ಇಷ್ಟು ಬರೆದು ಹೆಂಡತಿಗೆ ಓದಿದೆ. ಅವಳು ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿದಳು.

"ನೀವು ಓಡಿದ್ದು ಬೀದಿಗೆ ಕಣ್ರೀ."

"ಒಳಗೆ ಬಂದ್ನಲ್ಲ?"

"ಬಂದ್ರಿ, ಎಲ್ಲಾ ನಿಂತ ಮೇಲೆ. ಮೊದ್ಲು ಓಡಿದ್ದು ಬೀದಿಗೆ. ಚಪ್ಪಲಿ ಬೇರೆ ಹಾಕ್ಕೊಂಡು. ಗ್ಯಾಸ್ ಆರ್ಸಿ ಟೇಬಲ್ ಕೆಳಗೆ ಕೂತಿದ್ದೋಳು ನಾನು, ಕಿಟಕೀಲಿ ಕಂಡ್ರಿ."

ಹಾಗಾದರೆ ಹಂಡೆ ಬೀಳುವುದನ್ನು ನಾನು ನೋಡಿಲ್ಲ. ಅದು ಚಪ್ಪಡಿಯ ಅಂಚಿನ ತನಕ ನಡೆದು ಬಂದು, ಒಂದು ಕ್ಷಣ ಯೋಚಿಸಿ, ಬಾಯಿ ಕೆಳಗಾಗಿ ಬಿದ್ದ ಚಿತ್ರ ನನ್ನ ಕಣ್ಣಿಗೆ ಇವತ್ತಿಗೂ ಕಟ್ಟುತ್ತದೆ. ಅದನ್ನು ಯಾರಿಂದ ಪಡೆದೆನೋ ಗೊತ್ತಿಲ್ಲ. ಒಳಗೆ ಬಂದಾಗ ಕಂಡದ್ದು ಮಾತ್ರ ನನ್ನದು. ಹಂಡೆ ನೆಲದ ಮೇಲೆ ಇನ್ನೂ ಓಲಾಡುತ್ತಿತ್ತು, ಅದರ ಕಂಠ ನೆಗ್ಗಿತ್ತು. ನೆಲದಲ್ಲಿ ಗುಳಿ. ಮಂಚ ಮೊದಲು ಇದ್ದಲ್ಲಿ, ಅವ್ವನ ಎದೆ ಇರುತ್ತಿದ್ದ ಕಡೆ. ಎದುರು ಗೋಡೆಯ ಪಕ್ಕ, ಮಂಚದ ಮೇಲೆ, ಅವ್ವ ಕವುಚಿ ಮಲಗಿ ದಿಂಬನ್ನು ಎರಡೂ ಕೈಯಲ್ಲಿ ತಲೆಗೆ ಒತ್ತಿಕೊಂಡಿದ್ದಳು.

"ಪೀಪಿ ಊದ್ನೇ ಇಲ್ವಲ್ಲ," ಎಂದಳು ದಿಂಬಿನೊಳಗಿನಿಂದ. "ಏಳ್ಲಾ ಬ್ಯಾಡ್ವಾ?"

ಅದು ಭೂಕಂಪವೇ, ಹೊತ್ತು ತಪ್ಪಿದ ಬಂಡೆ ಸಿಡಿತವೇ ಎಂದು ನಮಗೆ ಯಾರೂ ಖಚಿತವಾಗಿ ಹೇಳಲಿಲ್ಲ. ನಾನು ಭೂಕಂಪವೆಂದೇ ನಂಬಿದ್ದೇನೆ. ಅವ್ವ ಕ್ವಾರಿಯೆಂದೇ ನಂಬಿದ್ದಾಳೆ. ಹಂಡೆಗೆ ಆ ವ್ಯತ್ಯಾಸ ಬೇಕಿರಲಿಲ್ಲ.

ಆ ಗುಳಿಯನ್ನು ಗಾರೆ ಮೆತ್ತಿ ಮುಚ್ಚಿಸಿಲ್ಲ. ನಡುಮನೆ ದಾಟುವಾಗ ಕಾಲಿಗೆ ತಾಕುತ್ತದೆ. ತಾಕಿದಾಗ ಅಕ್ಕನಿಗೆ ಋಣಿಯಾಗುತ್ತೇನೆ, ಅವಳ ಕೊರಳಿನ ಆ ಪೀಪಿಗೆ, ಮಜ್ಜಿಗೆ ಕುಡಿದು ಹೋದ ನಾಲ್ವರಿಗೆ, ಹೊನ್ನೆ ಮರದ ಭಾರಕ್ಕೆ. ನನ್ನ ಸೋಮಾರಿತನಕ್ಕೂ ಋಣಿಯಾಗಬೇಕಾಗಿ ಬಂದಿರುವುದು ಅಷ್ಟು ಹಿತವಾಗಿಲ್ಲ, ಆದರೂ ಪಟ್ಟಿಯಿಂದ ತೆಗೆಯಲಾರೆ.

ಅವ್ವ ಥ್ಯಾಂಕ್ಸ್ ಗೀಂಕ್ಸ್ ಹೇಳುವವಳಲ್ಲ. ಒಂದು ವಾರ ಬಿಟ್ಟು, "ಆ ಅಂಡೆ ತಗಂಡೋಗಿ ನಿಮ್ಮಕ್ಕನಿಗೆ ಕೊಟ್ಬುಡ್ಲಾ," ಎಂದಳು. "ತಮ್ಮ ಕೇಳುದ್ರೆ ಮಗಳ ಮನೇಲಿ ಅದೆ ಅಂತೀನಿ. ಕೇಳ್ದಿದ್ರೂ ಅಂತೀನಿ." ಅದೇ ಹಂಡೆಗಾಗಿ ಊಟ ಬಿಟ್ಟವಳು ಇವಳೇನಾ ಎಂದು ನೋಡಿದೆ. ಅವಳು ಗೋಡೆಯ ಕಡೆ ತಿರುಗಿಕೊಂಡಳು.

ನರಸೀಪುರದ ಬಸ್ಸಿನಲ್ಲಿ ಹಂಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಂಡಕ್ಟರ್ ಒಳಗೆ ಇಣುಕಿ, "ಗೃಹಪ್ರವೇಶನಾ ಸಾ?" ಎಂದ. ಹೌದು ಎಂದುಬಿಟ್ಟೆ.

ಅಕ್ಕ ಹಂಡೆಯನ್ನು ಅಡುಗೆಮನೆಯ ನೆಲದ ಮೇಲೆ ಮೂಲೆಗಿಟ್ಟು ನೀರು ತುಂಬಿದಳು. ನಲ್ಲಿ ನಿಂತುಹೋದರೆ ಬೇಕಾಗುತ್ತದೆ ಎಂದಳು. ನೆಗ್ಗಿದ ಕಂಠದ ಮೇಲೆ ಒಂದು ಸಲ ಬೆರಳಾಡಿಸಿದಳು. ನಾನು ಕೈ ತೊಳೆದುಕೊಂಡು ಅವಳ ನಡುಮನೆಗೆ ಬಂದು ಸುಮ್ಮನೆ ತಲೆಯೆತ್ತಿದೆ. ಅವಳ ಸಜ್ಜಾ ತುಂಬಿತ್ತು. ಹಿತ್ತಾಳೆಯ ಕೊಪ್ಪರಿಗೆಯಿಂದ ಹಿಡಿದು ಸ್ಟೀಲಿನ ಡಬ್ಬಗಳವರೆಗೆ ಸಾಲಾಗಿ. ಕೆಳಗೆ ಹಾಸಿಗೆ.

"ಇಲ್ಲಿ ಮಲಗೋದು ಯಾರಕ್ಕ?"

"ನಾನೇ." ಅವಳೂ ಮೇಲೆ ನೋಡಿದಳು. ಮುಖ ಕೆಂಪಾಯಿತು. "ಟೈಮೇ ಆಗ್ನಿಲ್ಲ ಕಣೋ. ಅಂಗನವಾಡಿ, ನಿಮ್ಮನೆ, ಅಕ್ಕಪಕ್ಕದ ಮನೆ ಅಂತ..."

"ಸ್ಟೂಲ್ ಎಲ್ಲಿ?"

ನಾನು ಹತ್ತಿದೆ, ಅವಳು ಕೆಳಗೆ ಕೈಚಾಚಿ ನಿಂತಳು. ಕೊಪ್ಪರಿಗೆ ಕೊಟ್ಟೆ, ಬಿಂದಿಗೆ ಕೊಟ್ಟೆ. ಮೂರನೆಯದನ್ನು ಕೈಗೆ ತೆಗೆದುಕೊಂಡಾಗ, ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದೆ: "ಅಕ್ಕ, ಅವತ್ತು ಹಂಡೆ ಮೇಲಿಟ್ಟೋನು ನಾನೇ."

"ಗೊತ್ತು. ಅಂಡೆ ಬಿದ್ದ ದಿನಾನೇ ಅವ್ವ ಫೋನ್ ಮಾಡಿ ಹೇಳಿದ್ಳು."

"ಮತ್ತೆ ನೀನು ಏನೂ ಅನ್ಲಿಲ್ಲ?"

"ಏನನ್ಲಿ? ಅವ್ವ ಫೋನ್ ಮಾಡಿದ್ಳಲ್ಲ. ಅವಳ ದನೀನೇ ಕೇಳ್ತಾ ಕೂತಿದ್ದೆ." ಅವಳು ಕೈ ಇನ್ನಷ್ಟು ಮೇಲೆತ್ತಿದಳು. "ಆ ಕೊಳಗ ಕೊಡು. ನೋಡ್ಕೊಂಡು ಕೊಡೋ, ನನ್ ತಲೆ ಮ್ಯಾಲೆ ಹಾಕ್ಬೇಡ."