ಮೇಜು ಬಡಿದರೆ ಇಳಿಯಬೇಡಿ

ಸಭೆಯಲ್ಲಿದ್ದವರೆಲ್ಲ ಬೆರಳ ಗೆಣ್ಣಿನಿಂದ ಮೇಜು ಬಡಿಯತೊಡಗಿದಾಗ ನನ್ನ ಹೆಂಡತಿ ಮಾತು ನಿಲ್ಲಿಸಿ ಕುಳಿತುಬಿಟ್ಟಳು. ಧಾರವಾಡದಲ್ಲಿ ಟೀಚರ್ ಆಗಿದ್ದವಳಿಗೆ ಮೇಜು ಬಡಿಯುವುದೆಂದರೆ ಕ್ಲಾಸಿನ ಬಾಯಿ ಮುಚ್ಚಿಸುವುದು. ಐಟಿ ಕೆಲಸದವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಅಲ್ಲಿನ ಇಂಗೋಲ್‌ಸ್ಟಾಟ್‌ಗೆ ಬಂದ ನಮ್ಮಲ್ಲಿ ಮಗಳ ಶಾಲಾ ಸಮಿತಿಗೆ ಆಯ್ಕೆಯಾದವಳು ಅವಳೇ. ಜರ್ಮನ್ ಬಾರದ ಮಕ್ಕಳನ್ನು ಫೇಲ್ ಮಾಡುವ ಮುನ್ನ ಒಂದು ವರ್ಷ ಕಾಲಾವಕಾಶ ಬೇಕಿತ್ತು. "ಎರಡು ಕೇಳು, ಒಂದಕ್ಕ ಇಳಿ" ಎಂದು ಹೇಳಿಕೊಟ್ಟವನು ನಾನು.

ಹಿಂದಿನ ಸಾಲಿನಲ್ಲಿದ್ದ ನನ್ನತ್ತ ತಿರುಗಿ, "ಸಿಟ್ಟಾಗ್ಯಾರ್ರಿ. ಒಂದಕ್ಕ ಇಳೀಲೇನು?" ಎಂದಳು. ನಾನು ಹೂಂ ಎಂದೆ. ಅಷ್ಟರಲ್ಲಿ ಅವಳ ಪಕ್ಕದಲ್ಲಿದ್ದ ಟರ್ಕಿಯ ಸದಸ್ಯ ನಕ್ಕು, "ಯಾಕೆ ಕುಳಿತಿರಿ ಮೇಡಂ? ಇಲ್ಲಿ ಇದೇ ಚಪ್ಪಾಳೆ" ಎಂದು ಜರ್ಮನ್‌ನಲ್ಲಿ ಹೇಳಿದ.

ಎರಡು ವರ್ಷವೇ ಸಿಕ್ಕಿತು. ಹೊಸದಾಗಿ ಬರುವವರಿಗೆ ನನ್ನ ಸಲಹೆ: ಚೌಕಾಸಿಗೆ ಕುಳಿತಾಗ ಸದ್ದಿನ ಅರ್ಥ ಪಕ್ಕದವರನ್ನು ಕೇಳಿ, ಗಂಡನನ್ನಲ್ಲ.